ಉಸ್ತಾದನ ಕಿವಿ ಬೇಕಾದ ಡಬ್ಬಿ

ಹೆಡ್‌ಫೋನಿಗೆ ಹಚ್ಚುವ ಆ ದುಬಾರಿ ಡಬ್ಬಿಯಿಂದ ಹಾಡು ನಿಜವಾಗಿಯೂ ಚೆನ್ನಾಗಿ ಕೇಳುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದವರ ತಪ್ಪೇನಿಲ್ಲ. ನಮ್ಮ ಶಾಲೆಯ ಮಾಸ್ತರರೊಬ್ಬರು ಹೊಸ ಸಿಡಿ ಪ್ಲೇಯರ್ ಕೊಂಡಾಗ ಬಹಳ ವಿನಯದಿಂದಲೇ ಕೇಳಿದ್ದರು. "ನೀವು ಬಾಜಾದ ಮನಿಯವರು, ನಿಮಗ ಗೊತ್ತಿರತದ ಹೇಳ್ರಿ" ಎಂದಿದ್ದರು. ನಾನು "ತೊಗೊಂಡು ಹಾಳಾಗಿ ಹೋಗ್ರಿ" ಎಂದುಬಿಟ್ಟೆ. ಅವರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಬಿಟ್ಟರೆ ಬಿಡಲಿ. ಅವರಿಗೆ ಹೇಳದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಡಿಯಾಚೆ, ಮಹಾರಾಷ್ಟ್ರದ ಜತ್ತದಲ್ಲಿ ನಮ್ಮದು ಬೆಂಜೊ ಪಾರ್ಟಿಯ ಮನೆ. ನಮ್ಮ ಕಡೆ ಬೆಂಜೊ ಎಂದರೆ ಟೈಪ್‌ರೈಟರಿನ ಹಾಗೆ ಗುಂಡಿಗಳಿರುವ ತಂತಿವಾದ್ಯ. ಎಡಗೈಯಿಂದ ಗುಂಡಿ ಒತ್ತಬೇಕು, ಬಲಗೈಯಿಂದ ತಂತಿ ಮೀಟಬೇಕು. ಅದಕ್ಕೆ ಕರೆಂಟಿನ ಜೋಡಣೆ ಮಾಡಿ, ಟೆಂಪೋದ ಮೇಲೆ ಭೋಂಗಾ ಎಂಬ ಅಗಲಬಾಯಿಯ ತುತ್ತೂರಿ, ದೊಡ್ಡ ದೊಡ್ಡ ಸ್ಪೀಕರ್ ಕಟ್ಟಿ, ಜೊತೆಗೆ ಢೋಲಕಿ, ತಾಷಾ, ಹಲಗಿ ಕೂಡಿಸಿದರೆ ಪಾರ್ಟಿಯಾಯಿತು. ಮದುವೆಯ ವರಾತಿಗೆ, ಗಣಪತಿಗೆ, ಉರುಸಿಗೆ, ಎಲೆಕ್ಷನ್ ಗೆದ್ದವರ ಮೆರವಣಿಗೆಗೆ, ಎಲ್ಲದಕ್ಕೂ ನಾವೇ ಬೇಕು. ಮನೆಯಲ್ಲಿ ಅರ್ಧ ಕನ್ನಡ ಅರ್ಧ ದಖನಿ ಮಾತಾಡಿ, ಸುಪಾರಿ ಹಿಡಿಯುವಾಗ ಮರಾಠಿ ಮಾತಾಡಿ, ನಮ್ಮ ಸಂಸಾರ ನಡೆದಿತ್ತು. ಸುಪಾರಿ ಎಂದರೆ ಯಾರನ್ನೋ ಕೊಲ್ಲುವುದಲ್ಲ ಮಾರಾಯರೇ, ನಮ್ಮಲ್ಲಿ ಬಾಜಾ ಗೊತ್ತುಮಾಡುವುದಕ್ಕೆ ಹಾಗೆ ಅನ್ನುತ್ತಾರೆ.

ಅಬ್ಬಾ, ನಮ್ಮಪ್ಪ, ತೀರಿಕೊಂಡ ಮೇಲೆ ಪಾರ್ಟಿಯನ್ನು ನಡೆಸಿದವನು ನನ್ನ ಅಣ್ಣ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ನಾನು ಅವನನ್ನು ಭಾಯಿ ಅನ್ನುತ್ತಿದ್ದೆ. ನನ್ನನ್ನು ಓದಿಸಿದವನು, ಕನ್ನಡ ಶಾಲೆಯ ಮಾಸ್ತರನನ್ನಾಗಿ ಮಾಡಿದವನು ಅವನೇ. ಮನೆಯಲ್ಲಿ ಅವನಿಗೆ ನೀ ಅನ್ನುತ್ತಿದ್ದೆ. ಆದರೆ ತಾಷಾ ಕೊರಳಿಗೆ ಹಾಕಿಕೊಂಡು ಪಾರ್ಟಿಯಲ್ಲಿ ನಿಂತೆನೆಂದರೆ ಅವನು ಉಸ್ತಾದ, ನಾನು ಹತ್ತರಲ್ಲಿ ಹನ್ನೊಂದನೆಯವನು. ಅಲ್ಲಿ ರೀ ಹಚ್ಚಿಯೇ ಮಾತಾಡಬೇಕು. ಉಸ್ತಾದ ಒತ್ತಿದ್ದೇ ಸುರ. ಅವನ ಬೆರಳು ಒಂದು ಗುಂಡಿ ಆಚೆ ಬಿದ್ದರೂ ಜೊತೆಯ ಬೆಂಜೊದವನು ಅದನ್ನೇ ಒತ್ತಬೇಕು, ಮುಖದ ಮೇಲೆ ಗೆರೆ ಸಹ ಮೂಡಬಾರದು. ಉಸ್ತಾದನಿಗೆ ತಪ್ಪಾಯಿತೆಂದು ಹೇಳುವ ಹಕ್ಕು ಪಾರ್ಟಿಯಲ್ಲಿ ಯಾರಿಗೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಭಾಯಿ ತಪ್ಪುತ್ತಲೂ ಇರಲಿಲ್ಲ. ಹೊಸ ಸಿನಿಮಾದ ಕ್ಯಾಸೆಟ್ ಪೇಟೆಗೆ ಬಂದ ದಿನವೇ ತಂದು, ಹೆಡ್‌ಫೋನ್ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಇದಕ್ಕೆ ಹಾಡು ಹಿಡಿಯುವುದು ಅನ್ನುತ್ತಿದ್ದೆವು. ಹೆಡ್‌ಫೋನ್ ಯಾಕೆಂದರೆ ಹಿಂದಿನ ಓಣಿಯಲ್ಲೇ ಇನ್ನೊಂದು ಪಾರ್ಟಿ ಇತ್ತು. ನಾವು ಯಾವ ಹಾಡು ಹಿಡಿಯುತ್ತಿದ್ದೇವೆಂದು ಆ ಹರಾಮಿಗಳಿಗೆ ಗೊತ್ತಾಗಬಾರದು. ಮೂರು ಸಲ ಕೇಳಿದರೆ ಭಾಯಿಗೆ ಹಾಡು ಬಂದುಬಿಡುತ್ತಿತ್ತು. ನಾಲ್ಕನೆಯ ಸಲ ಬೆಂಜೊ ತೊಡೆಯ ಮೇಲೆ ಇರುತ್ತಿತ್ತು. ಸನಮಡಿಯ ಒಂದು ಮದುವೆಯಲ್ಲಿ, ಇನ್ನೂ ರೇಡಿಯೋದಲ್ಲೂ ಸರಿಯಾಗಿ ಬಾರದ ಹಾಡನ್ನು ಬಾರಿಸಿದಾಗ ಕುರಿ ಕಾಯುವ ಮುದುಕರು ಕಂಬಳಿ ಬೀಸಿ ಕುಣಿದಿದ್ದರು. ಆಗ ನನ್ನ ಭಾಯಿಯ ಬಗ್ಗೆ ನನಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಇನ್ನೊಂದು ಮಾತು ಹೇಳಬೇಕು, ಹೇಳಲು ನಾಚಿಕೆಯಾಗುತ್ತದೆ. ಟೆಂಪೋದಲ್ಲಿ ಭಾಯಿ ಕೂಡುವ ಜಾಗ ಸ್ಪೀಕರಿನ ಬುಡದಲ್ಲೇ ಇತ್ತು. ಎಡಕ್ಕೊಂದು, ಬಲಕ್ಕೊಂದು, ನೆತ್ತಿಯ ಮೇಲೆ ಭೋಂಗಾ. ಸಂಜೆ ಇಳಿದಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆಂದು ತಲೆ ಜಾಡಿಸುತ್ತಿದ್ದ. ಒಮ್ಮೆ ಹಲಗಿಯವನು ಕಿವಿಯಲ್ಲಿ ಹತ್ತಿ ಇಟ್ಟುಕೊಂಡದ್ದನ್ನು ನೋಡಿ ಭಾಯಿ ಕೆಂಡವಾಗಿದ್ದ. "ಹತ್ತಿ ಇಡೋದು ಮಯ್ಯತ್ತಿನ ಕಿವಿಗೆ. ಹೆಣ ಆಗೀಯೇನ್ಲೇ ನೀ? ಇಳಿ ಕೆಳಗ!" ಎಂದು ನಡುದಾರಿಯಲ್ಲೇ ಅವನನ್ನು ಇಳಿಸಿದ. ಸತ್ತವರ ಕಿವಿಗೆ ಹತ್ತಿ ಇಟ್ಟು ಮಣ್ಣು ಮಾಡುತ್ತಾರಲ್ಲ, ಅದಕ್ಕೆ ಬಾಜಾದವನು ಹತ್ತಿ ಮುಟ್ಟುವುದು ಅಪಶಕುನ ಎಂದು ನಮ್ಮ ಹಿರಿಯರು ನಂಬಿದ್ದರು. ಆದರೆ ನಾನು ಶಾಲೆ ಕಲಿತ ಶಾಣ್ಯಾ. ತಲೆಗೆ ಮಫ್ಲರ್ ಸುತ್ತಿ, ಅದರೊಳಗೆ ಎರಡೂ ಕಿವಿಗೆ ಹತ್ತಿ ಹೆಟ್ಟಿಕೊಂಡು ಏಳೆಂಟು ವರ್ಷ ತಾಷಾ ಬಾರಿಸಿದೆ. ನನ್ನ ಕಿವಿ ಉಳಿಸಿಕೊಂಡೆ. ಭಾಯಿಗೆ ಒಂದು ದಿನವೂ ಹೇಳಲಿಲ್ಲ.

ಹೊಸ ಶತಮಾನ ಬಂತು, ಕ್ಯಾಸೆಟ್ ಹೋಗಿ ಸಿಡಿ ಬಂತು. ಭಾಯಿ ಆಗಲೇ ದೂರಲು ಶುರುಮಾಡಿದ್ದು. ಹಾಡುವವರು ಬಾಯಲ್ಲಿ ಅರಿವೆ ತುರುಕಿಕೊಂಡು ಹಾಡುತ್ತಾರೆ ಅನ್ನುತ್ತಿದ್ದ. ಸಿಡಿ ಕಳ್ಳಮಾಲು ಅನ್ನುತ್ತಿದ್ದ. ಹೆಡ್‌ಫೋನ್ ಬದಲಿಸಿದ, ಪ್ಲೇಯರ್ ಬದಲಿಸಿದ, ಮತ್ತೆ ಹೆಡ್‌ಫೋನ್ ಬದಲಿಸಿದ. ಮೂರು ಸಲಕ್ಕೆ ಬರುತ್ತಿದ್ದ ಹಾಡಿಗೆ ಮೂರು ದಿನ ಹಿಡಿಯತೊಡಗಿತು.

ಒಂದು ಶುಕ್ರವಾರ ಭಾಬಿ, ಅಂದರೆ ಅವನ ಹೆಂಡತಿ, ನನ್ನನ್ನು ಅಡಿಗೆಮನೆಗೆ ಕರೆದರು. "ನೋಡಪಾ, ಕುಕ್ಕರ್ ಮೂರು ಸೀಟಿ ಹೊಡದ ಮ್ಯಾಲ ಬಂದು, ಯಾಕ ಇನ್ನಾ ಸೀಟಿ ಆಗಿಲ್ಲ ಅಂತಾರ. ಮಗಳು ಹಿಂದ ನಿಂತು ಕರದ್ರ ತಿರಗಂಗಿಲ್ಲ. ನಾ ಏನರ ಹೇಳಿದ್ರ, ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ ಅಂದಂಗ, ಹೆಡ್‌ಫೋನ್ ಸರಿ ಇಲ್ಲ ಅಂತಾರ. ಅವರ ಕಿವಿ ಮಂದ ಆಗ್ಯಾವಪಾ. ನೀ ಹೇಳಿದ್ರ ಕೇಳ್ತಾರ, ದವಾಖಾನಿಗೆ ಕರಕೊಂಡು ಹೋಗು."

"ಏ ಬಿಡ್ರಿ ಭಾಬಿ, ಉಸ್ತಾದನ ಕಿವಿಗೆ ಏನ ಆಗತದ?" ಎಂದೆ. ಹಾಗೆ ಅನ್ನುವಾಗಲೇ ಅವರು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಅವನ ಬಲಗಡೆ ನಿಂತು ಮಾತಾಡುವುದನ್ನು ನಾನು ಆಗಲೇ ಬಿಟ್ಟಿದ್ದೆ, ಎಡಗಡೆಗೆ ಹೋಗಿ ಮಾತಾಡುತ್ತಿದ್ದೆ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದೆ. ಬೆಂಜೊ ಹಿಡಿದು ಅನ್ನ ತಿನ್ನುವವನಿಗೆ ನಿನ್ನ ಕಿವಿ ಹೋಗಿದೆ ಎಂದು ಹೇಗೆ ಹೇಳುವುದು? ಹೇಳುವ ಬಾಯಿ ನನ್ನದಾಗಬಾರದು ಅಷ್ಟೇ, ಬೇರೆ ಯಾರಾದರೂ ಹೇಳಲಿ ಎಂದು ಕಾದೆ. ಹೇಡಿತನಕ್ಕೆ ನಾವು ಮರ್ಯಾದೆ ಎಂಬ ಅಂಗಿ ತೊಡಿಸುತ್ತೇವೆ.

ಅದೇ ವರ್ಷ ಭಾಯಿಗೆ ಯಾರೋ ವಿಜಾಪುರದ ಅಂಗಡಿಯೊಂದರ ಸುದ್ದಿ ಹೇಳಿದರು. ಅಲ್ಲಿ ಮುಂಬೈಯಿಂದ ತರಿಸಿದ ಕರಿ ಡಬ್ಬಿ ಒಂದಿದೆ, ಪ್ಲೇಯರಿಗೂ ಹೆಡ್‌ಫೋನಿಗೂ ನಡುವೆ ಅದನ್ನು ಹಚ್ಚಿದರೆ ಹಾಡು ಕನ್ನಡಿಯಂತಾಗುತ್ತದೆ ಎಂದು. ಭಾಯಿ ಪಾರ್ಟಿಗೆ ಸ್ವಂತ ಟೆಂಪೋ ಕೊಳ್ಳಲೆಂದು ಎರಡು ಮದುವೆ ಹಂಗಾಮಿನಿಂದ ರೊಕ್ಕ ಕೂಡಿಸಿಟ್ಟಿದ್ದ. ಅದನ್ನು ಕಿಸೆಗೆ ಹಾಕಿಕೊಂಡು, ನನ್ನನ್ನೂ ಪಾರ್ಟಿಯ ಇಬ್ಬರನ್ನೂ ಕರೆದುಕೊಂಡು ವಿಜಾಪುರಕ್ಕೆ ಹೊರಟ.

ಅಂಗಡಿಯವನು ಮಾತಿನ ಮಲ್ಲ. ಚಹಾ ತರಿಸಿದ, ಗಾದಿಯ ಮೇಲೆ ಕೂಡಿಸಿದ. "ಸಿಡಿಯೊಳಗ ಹಾಡ ಇರಂಗಿಲ್ರಿ, ಬರೇ ಅಂಕಿ ಇರತಾವ. ಆ ಅಂಕಿನ್ನ ದನಿ ಮಾಡೋದು ಒಂದು ಚಿಪ್ಪಿನ ಕೆಲಸ. ನಿಮ್ಮ ಪ್ಲೇಯರ್‌ನಾಗ ಇರೋದು ಪುಟಾಣಿ ಕಿಮ್ಮತ್ತಿನ ಚಿಪ್ಪು. ಈ ಡಬ್ಬಿ ಅದ ಕೆಲಸ ರಾಜಾನಂಗ ಮಾಡತದ" ಎಂದ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ಒಂದೇ ಹಾಡನ್ನು ಮೊದಲು ಡಬ್ಬಿಯಿಲ್ಲದೆ, ನಂತರ ಡಬ್ಬಿ ಹಚ್ಚಿ ಭಾಯಿಗೆ ಕೇಳಿಸಿದ. ಭಾಯಿ ಕಣ್ಣು ಮುಚ್ಚಿಕೊಂಡು ಕೇಳಿದ. ಮುಖದಲ್ಲಿ ಏನೂ ಕಾಣಲಿಲ್ಲ. ಅಂಗಡಿಯವನಿಗೆ ಅದು ತಿಳಿಯಿತೋ ಏನೋ, ಮೆಲ್ಲಗೆ ಒಂದು ಮಾತು ಬಿಟ್ಟ. "ಇದು ಎಲ್ಲಾರಿಗೂ ತಿಳಿಯಂಗಿಲ್ರಿ. ಇದಕ್ಕ ಉಸ್ತಾದನ ಕಿವಿ ಬೇಕು."

ಭಾಯಿ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟ. "ನೀ ಕೇಳು."

ಕೇಳಿದೆ. ಹತ್ತಿಯಿಟ್ಟು ಕಾಪಾಡಿಕೊಂಡ ಕಿವಿಗಳಲ್ಲವೇ, ಚೆನ್ನಾಗಿಯೇ ಕೇಳಿದೆ. ಡಬ್ಬಿ ಹಚ್ಚಿದಾಗ ತುಸು ಜೋರಾಯಿತು, ಅಷ್ಟೇ. ಜೋರು ಬೇರೆ, ಚೊಕ್ಕ ಬೇರೆ ಎಂಬುದು ತಾಷಾದವನಿಗೆ ಗೊತ್ತಿರದೇ? ಆಚೆಗೆ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಹೆಡ್‌ಫೋನ್ ತೆಗೆದೆ. ಭಾಯಿ ನನ್ನ ಮುಖವನ್ನೇ ನೋಡುತ್ತಿದ್ದ. ಪಾರ್ಟಿಯ ಇಬ್ಬರೂ ನೋಡುತ್ತಿದ್ದರು. ಅಂಗಡಿಯವನು ನಗುತ್ತಿದ್ದ.

"ಫರಕ ಐತೇನು?" ಭಾಯಿ ಕೇಳಿದ.

"ಐತ್ರಿ ಉಸ್ತಾದ. ಭಾಳ ಫರಕ ಐತಿ. ಒಂದೊಂದ ಮಾತೂ ಬಿಡಿಬಿಡಿಯಾಗಿ ಕೇಳಸತೈತಿ" ಎಂದೆ.

ಯಾಕೆ ಹಾಗೆ ಅಂದೆ? ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪಾರ್ಟಿಯವರ ಮುಂದೆ ಉಸ್ತಾದ ಇಷ್ಟು ದೂರ ಬಂದದ್ದು ದಂಡವೆಂದು ತಮ್ಮನಾಗಿ ನಾನು ಹೇಳುವುದೇ ಎಂಬ ಸಂಕೋಚ ಒಂದು. ನನಗೂ ಅಂಥ ಕಿವಿ ಇದೆ ಎಂದು ತೋರಿಸಿಕೊಳ್ಳುವ ಮಂಗತನ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪು ಮಶೀನಿನದೇ ಆಗಿದ್ದರೆ ಭಾಬಿಯ ಮಾತನ್ನು ನಾನು ಅವನಿಗೆ ಹೇಳಬೇಕಾಗಿರಲಿಲ್ಲ. ಆ ಅಂಗಡಿಯವನನ್ನು ಬೈದು ಏನು ಉಪಯೋಗ? ಅವನು ಡಬ್ಬಿ ಮಾರಿದ. ನಾನು ಏನು ಮಾರಿದೆ?

ಡಬ್ಬಿ ಮನೆಗೆ ಬಂತು. ಅದಕ್ಕೊಂದು ಮಖಮಲ್ಲಿನ ಬಟ್ಟೆ ಹೊದಿಸಿ ಇಟ್ಟ. ದಿನಾ ಮಧ್ಯಾಹ್ನದ ನಮಾಜಿನಿಂದ ಸಂಜೆಯ ಅಸರ್ ನಮಾಜಿನವರೆಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಮೊದಲೆಲ್ಲ ಹೊಸ ಹಾಡು ಬಂದಾಗ ಮಾತ್ರ ಕೂಡುತ್ತಿದ್ದವನು ಈಗ ಹಳೆಯ ಹಾಡು, ಬರುವ ಹಾಡು, ಎಲ್ಲವನ್ನೂ ಹಾಕಿ ಕೂಡುತ್ತಿದ್ದ. ಬರಬರುತ್ತ ಅವನ ಕಿವಿಯೊಳಗಿನ ಹಾಡು ನಮಗೆ ಅಡಿಗೆಮನೆಯಲ್ಲಿ ಕೇಳಿಸತೊಡಗಿತು. ಆಮೇಲೆ ಅಂಗಳದಲ್ಲೂ ಕೇಳಿಸಿತು. ಯಾವ ಹಾಡು ಹಿಡಿಯುತ್ತಿದ್ದಾನೆಂದು ಹಿಂದಿನ ಓಣಿಯ ಪಾರ್ಟಿಯವರು ಈಗ ಗೋಡೆಯಾಚೆ ನಿಂತೇ ತಿಳಿದುಕೊಳ್ಳುತ್ತಿದ್ದರು. ಭಾಬಿ ನನ್ನ ಕಡೆ ನೋಡುತ್ತಿದ್ದರು. ನಾನು ಶಾಲೆಯ ಕೆಲಸವಿದೆ ಎಂದು ಎದ್ದುಬಿಡುತ್ತಿದ್ದೆ. ಅವನು ಆನಂದಪಡುತ್ತಿದ್ದಾನೆ, ರೊಕ್ಕ ಕೊಟ್ಟಿದ್ದಾನೆ, ಕೇಳಲಿ ಬಿಡು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹೀಗೆ ಐದಾರು ವರ್ಷ ನಡೆಯಿತು. ಪಾರ್ಟಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವನು ತಂತಿಯನ್ನು ಏರಿಸಿ ಕಟ್ಟಿದರೆ ಜೊತೆಯವನೂ ಏರಿಸಿ ಕಟ್ಟುತ್ತಿದ್ದ. ಅವನು ಸ್ಪೀಕರಿನ ಸೌಂಡು ಪೂರ್ತಿ ತಿರುವಿದರೆ ನಾವು ಉಸ್ತಾದ ಇಂದು ಹುರುಪಿನಲ್ಲಿದ್ದಾನೆ ಅನ್ನುತ್ತಿದ್ದೆವು. ಜನಕ್ಕೂ ಜೋರೇ ಬೇಕಾಗಿತ್ತು. ಒಬ್ಬ ಮನುಷ್ಯ ಕಿವುಡನಾಗುತ್ತಿರುವುದನ್ನು ಮುಚ್ಚಿಡಲು ಹತ್ತು ಜನ ಸೇರಿ ಬೇಸುರಾಗಿ ಬಾರಿಸಿದೆವು.

ಕೊನೆಗೆ ಅದು ಒಡೆದದ್ದು ಶೇಗಾಂವದ ಒಂದು ಮದುವೆಯಲ್ಲಿ. ಹಾಡಿನ ನಡುವೆ ಭೋಂಗಾ ಸೀಟಿ ಹೊಡೆಯತೊಡಗಿತು. ಕಿವಿಯೊಳಗೆ ದಬ್ಬಣ ಚುಚ್ಚಿದ ಹಾಗೆ ಕಿರ್ರನೆ ಒಂದೇ ಸಮನೆ ಕಿರುಚಾಟ. ಎತ್ತು ಬೆದರಿ ಗಾಡಿಯ ನೊಗ ಕಳಚಿತು. ಬಗಲಲ್ಲಿದ್ದ ಕೂಸುಗಳು ಅತ್ತವು. ಹೆಂಗಸರು ಕಿವಿ ಮುಚ್ಚಿಕೊಂಡು ಓಡಿದರು. ನಾವೆಲ್ಲ ಕೈ ನಿಲ್ಲಿಸಿದೆವು. ಭಾಯಿ ಒಬ್ಬನೇ ಕಣ್ಣು ಮುಚ್ಚಿಕೊಂಡು, ತಲೆದೂಗುತ್ತ ಬಾರಿಸುತ್ತಲೇ ಇದ್ದ. ಅವನಿಗೆ ಆ ಸೀಟಿ ಕೇಳುತ್ತಿರಲಿಲ್ಲ.

ಮದುಮಗನ ಕಡೆಯವನೊಬ್ಬ ಟೆಂಪೋದ ಚಕ್ರದ ಮೇಲೆ ಹತ್ತಿ ನಿಂತು ಕೂಗಿದ. "ಕಿವುಡನ ಮುಂದ ಕಿನ್ನರಿ ಬಾರಿಸಿದಂಗ ಅಂತಿದ್ರು ನಮ್ಮ ಮುದುಕ್ರು. ಇಲ್ಲಿ ನೋಡ್ರೋ, ಕಿವುಡನ ಕೈಯಾಗ ಕಿನ್ನರಿ ಕೊಟ್ಟು ಕುಂಡ್ರಿಸ್ಯಾರ!" ಓಣಿ ತುಂಬ ನಗು. ನಗು ಭಾಯಿಗೆ ಕೇಳಲಿಲ್ಲ, ಆದರೆ ಕಣ್ಣು ತೆರೆದಾಗ ಕಂಡಿತು. ನಾನು ಟೆಂಪೋ ಏರಿ ವೈರು ಕಿತ್ತೆ. ಅವನು ನನ್ನನ್ನು ನೋಡಿದ, ಜನರನ್ನು ನೋಡಿದ, ಬೆಂಜೊದ ಮೇಲೆ ಬಟ್ಟೆ ಮುಚ್ಚಿದ. ಆ ಹಂಗಾಮಿನ ಉಳಿದ ಸುಪಾರಿಗಳನ್ನು ಹಿಂದಿನ ಓಣಿಯವರು ಹಿಡಿದರು. ಕರಜಗಿಯ ಉರುಸಿನದನ್ನೂ ಬಿಡಲಿಲ್ಲ. ನಮ್ಮ ಪಾರ್ಟಿಯ ಅರ್ಧ ಜನ ಅವರಲ್ಲೇ ಸೇರಿದರು. ಹೊಟ್ಟೆಪಾಡು, ಅವರನ್ನೂ ಏನನ್ನಲಿ?

ಆ ವಾರ ಭಾಯಿ ಮಲಗಿದ್ದಾಗ ಡಬ್ಬಿಯನ್ನು ನಾನು ನನ್ನ ಖೋಲಿಗೆ ತಂದೆ. ನನ್ನ ಹೆಂಡತಿಗೆ ವೈರು ಬದಲಿಸುತ್ತಿರಲು ಹೇಳಿ, ನಾನು ಗೋಡೆಗೆ ಮುಖ ಮಾಡಿ ಕೂತೆ. ಎರಡರ ಸೌಂಡನ್ನೂ ಒಂದೇ ಮಟ್ಟಕ್ಕೆ ಇಡಲು ಹೇಳಿದ್ದೆ. ಈಗ ಡಬ್ಬಿ, ಈಗ ಬರೀ ಪ್ಲೇಯರ್ ಎಂದು ಊಹಿಸುತ್ತ ಹೋದೆ. ಸರಿ ಎಷ್ಟೋ ತಪ್ಪೂ ಅಷ್ಟೇ. ಕೊನೆಗೆ ಅವಳು, "ನೀವು ಈಗ ಭಾಳ ಚಲೋ ಐತಿ ಅಂದಿರಲ್ಲ, ಆವಾಗ ಡಬ್ಬಿ ಬಂದ್ ಇತ್ತು" ಎಂದಳು. ಭಾಯಿ ಏಳುವ ಮೊದಲೇ ಡಬ್ಬಿಯನ್ನು ಮತ್ತೆ ಅದರ ಜಾಗಕ್ಕೇ ಇಟ್ಟುಬಂದೆ. ಜಗತ್ತಿನಲ್ಲಿ ಎಲ್ಲೋ ಒಬ್ಬನಿಗೆ ವ್ಯತ್ಯಾಸ ಕೇಳುತ್ತಿರಬಹುದು, ಇಲ್ಲ ಅನ್ನಲಾರೆ. ಅಂಥ ಡಬ್ಬಿ ಮಾಡುವವರು ಎಲ್ಲರೂ ಕಳ್ಳರು ಎಂದೂ ಅನ್ನಲಾರೆ. ಆದರೆ ಪ್ಲೇಯರು ಸಾದಾ ಇದ್ದರೂ ಹಾಡು ಹಾಡೇ. ಹೆಡ್‌ಫೋನ್ ಬದಲಿಸಿದರೆ ಫರಕು ಕೇಳುತ್ತದೆ, ರೆಕಾರ್ಡಿಂಗ್ ಚೆನ್ನಾಗಿದ್ದರೆ ಕೇಳುತ್ತದೆ. ಆಚೆಗೆ ಉಳಿಯುವುದು ಕಿವಿ. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಕಿವಿ ತೋರಿಸಲು ಮಿರಜಿಗೆ ಭಾಯಿ, ನಾನು ಇಬ್ಬರೇ ಹೋದೆವು. ದವಾಖಾನೆಯಲ್ಲಿ ಗಾಜಿನ ಖೋಲಿಯೊಳಗೆ ಭಾಯಿಯನ್ನು ಕೂಡಿಸಿ, ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ದನಿ ಕೇಳಿದಾಗ ಒತ್ತಬೇಕು. ನಾನು ಗಾಜಿನಾಚೆ ನಿಂತಿದ್ದೆ. ಇಪ್ಪತ್ತೈದು ವರ್ಷ ಗುಂಡಿಗಳ ಮೇಲೆ ಓಡಾಡಿದ ಆ ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಒಮ್ಮೆ ಒತ್ತಿದ, ಮತ್ತೆ ಬಹಳ ಹೊತ್ತು ಇಲ್ಲ. ಒಳಗೆ ಪರೀಕ್ಷೆ ಮಾಡುತ್ತಿದ್ದವಳು ನನ್ನ ಕಡೆ ನೋಡಿ ತಲೆ ತಗ್ಗಿಸಿದಳು.

ಡಾಕ್ಟರರು ಮರಾಠಿಯಲ್ಲಿ ಸಮಾಧಾನದಿಂದಲೇ ತಿಳಿಸಿದರು. ಜೋರು ಸಪ್ಪಳಕ್ಕೆ ಕಿವಿಯೊಳಗಿನದು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯ ಮಶೀನಿನಿಂದ ಮಾತು ಒಂದಿಷ್ಟು ಕೇಳಬಹುದು, ಹಾಡು ಇನ್ನಿಲ್ಲ. ಐದಾರು ವರ್ಷ ಮೊದಲೇ ಬಂದು ಸಪ್ಪಳ ಬಿಟ್ಟಿದ್ದರೆ, ಆಗ ಇದ್ದದ್ದಾದರೂ ಉಳಿಯುತ್ತಿತ್ತು ಎಂದರು. "ಯಾಕೆ ಬರಲಿಲ್ಲ?" ಎಂದು ನನ್ನನ್ನೇ ಕೇಳಿದರು. ಭಾಯಿ ಅವರ ತುಟಿ ನೋಡುತ್ತಿದ್ದ.

ಮಿರಜಿನ ಬಸ್ ಸ್ಟ್ಯಾಂಡಿನಲ್ಲಿ ಜತ್ತದ ಗಾಡಿಗೆ ಇನ್ನೂ ಹೊತ್ತಿತ್ತು. ಕಲ್ಲುಕಟ್ಟೆಯ ಮೇಲೆ ಕೂತೆವು. ಭಾಯಿ ನನ್ನ ಕಡೆ ತಿರುಗಿ ಕೂತು ಕೇಳಿದ. "ವಿಜಾಪುರದಾಗ ನಿನಗ ಖರೇನ ಫರಕ ಕೇಳಿತ್ತೇನು?"

"ಇಲ್ಲ ಭಾಯಿ" ಎಂದೆ.

"ಜೋರಾಗಿ ಹೇಳೋ. ಗಾಡಿ ಸಪ್ಪಳದಾಗ ತಿಳೀವಲ್ದು."

"ಇಲ್ಲಾ! ನನಗ ಏನೂ ಫರಕ ಕೇಳಿರಲಿಲ್ಲ! ಸುಳ್ಳ ಹೇಳಿದೆ!" ಎಂದು ಕೂಗಿದೆ. ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಭಾಯಿ ಬೈಯುತ್ತಾನೆ, ಕಪಾಳಕ್ಕೆ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಪುಣ್ಯ ಬರುತ್ತಿತ್ತು ಅವನಿಗೆ.

"ನನಗೂ ಕೇಳಿರಲಿಲ್ಲ" ಎಂದ. "ಆದ್ರ ನೀ ಐತಿ ಅಂದಿ. ಕಿವಿಗೂ ರಿಯಾಜ್ ಬೇಕಾಗತದ, ಕುಂತು ಕೇಳಿದ್ರ ನನಗೂ ಬರತದ ಅಂದ್ಕೊಂಡೆ. ತಮ್ಮಗ ಕೇಳಿದ್ದು ಉಸ್ತಾದಗ ಕೇಳಸಂಗಿಲ್ಲ ಅಂದ್ರ ಹ್ಯಾಂಗ? ಅದಕ್ಕ ದಿನಾ ಒಂಚೂರು ಒಂಚೂರು ಸೌಂಡ ಏರಿಸ್ಕೋತ, ಆ ಫರಕ ಹುಡುಕ್ಕೋತ ಕುಂಡ್ರತಿದ್ದೆ."

ಎದ್ದು ನಿಂತು ಮತ್ತೆ ಹೇಳಿದ. "ನಿನ್ನಿ ಮಧ್ಯಾಹ್ನನೂ ಕುಂತಿದ್ದೆ."